"ಬಂತು" ಅಂದರೆ ಎಷ್ಟು ನಿಮಿಷ

ಆರು ಗಂಟೆಗೆ ನಲ್ಲಿಯಲ್ಲಿ ನೀರು ಬಂತು. ಜೋಗುಪಾಳ್ಯದ ನಮ್ಮ ಬೀದಿಗೆ ಅದು ದಿನ ಬಿಟ್ಟು ದಿನ ಬರುತ್ತದೆ. ಬಂದ ದಿನ ಬೆನ್ನು ನೆಟ್ಟಗಾಗುವುದು ಎರಡು ಡ್ರಮ್ಮು ತುಂಬಿದ ಮೇಲೆಯೇ. ಒಲೆಯ ಮೇಲೆ ಉಪ್ಪಿಟ್ಟು. ಪಕ್ಕದ ಕಟ್ಟೆಯಲ್ಲಿ ಸಾಸಿವೆ ಡಬ್ಬಿಗೆ ಒರಗಿಸಿ ತೆರೆದಿಟ್ಟ ಹಳೆಯ ಲ್ಯಾಪ್‌ಟಾಪು. ಅದರ 'ಎ' ಕೀಯೊಳಗೆ ರವೆ ಸೇರಿದ್ದರಿಂದ ಎರಡು ಸಲ ಒತ್ತಬೇಕಿತ್ತು.

"ಅಕ್ಕಾ, ಜರಾ ಬರ್ರಿ," ಮೇಲಿನ ಬಾಡಿಗೆ ಕೋಣೆಯವಳು ಮೆಟ್ಟಿಲಿನಿಂದ ಕೂಗಿದಳು.

"ಬಂದೆ, ಬಂದೆ" ಎಂದೆ. ಹೋಗಿದ್ದು ಹತ್ತು ನಿಮಿಷದ ಮೇಲೆ.

ಅವಳು ಕಲಬುರಗಿ ಕಡೆಯವಳು. ಮಹದೇವಪುರದ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಅವತ್ತು ಅವಳ ಮೊದಲ ದಿನ. ಎಂಟೂವರೆಗೆ ಗೇಟಿನಲ್ಲಿರಬೇಕು, ತಡವಾದರೆ ಕೆಲಸ ಬೇರೆಯವರಿಗೆ ಎಂದು ಸೂಪರ್‌ವೈಸರ್ ಹೇಳಿದ್ದನಂತೆ. ಸೆರಗಿಗೆ ಪಿನ್ನು ಹಾಕಿಸಿಕೊಳ್ಳಲು ನನ್ನನ್ನು ಕರೆದಿದ್ದಳು.

"ಈಗೇ ಹೋಗಿ ಸ್ಟಾಪಿನ್ಯಾಗ ನಿಂದ್ರಲೇನ್ರಿ?"

"ಯಾಕೆ ಅಷ್ಟೊತ್ತು ಹೊಗೇಲಿ ನಿಲ್ತೀಯ? ನನ್ ಪೇಜ್ ನೋಡ್ಕೊಂಡು ಹೋಗು," ಎಂದೆ, ಸ್ವಲ್ಪ ಜಂಬದಿಂದಲೇ.

ಆ ಪೇಜು ನಾನೇ ಮಾಡಿದ್ದು. ನಾಲ್ಕು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು, ವಿಡಿಯೊ ನೋಡಿ ನೋಡಿ ಕಲಿತಿದ್ದೆ. ಯಾವ ಬಸ್ಸು ಎಲ್ಲಿದೆ ಎಂಬ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ತಂದು, ನಮ್ಮ ಸ್ಟಾಪಿಗೆ ಇನ್ನೆಷ್ಟು ನಿಮಿಷ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ತೋರಿಸುವುದು, ಅಷ್ಟೇ. ಬಸ್ಸು ಹಿಂದಿನ ಸ್ಟಾಪು ಬಿಟ್ಟೊಡನೆ ನಿಮಿಷದ ಲೆಕ್ಕ ಹೋಗಿ ಒಂದೇ ಪದ ಕಾಣುತ್ತಿತ್ತು: "ಬಂತು". ಇಂಗ್ಲಿಷಿನಲ್ಲಾಗಿದ್ದರೆ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಾಲ ತಪ್ಪಿದೆಯೆಂದು ಕೆಂಪು ಗೀಟು ಎಳೆಯುತ್ತಿದ್ದರು. ಕನ್ನಡದಲ್ಲಿ ನನಗೆ ತಪ್ಪೇ ಕಾಣಲಿಲ್ಲ. ದೂರದಲ್ಲಿ ಬಸ್ಸಿನ ಮೂತಿ ಕಂಡರೆ ಸಾಕು, "ಬಂತು, ಬಂತು" ಅನ್ನುವವರೇ ಅಲ್ಲವೇ ನಾವೆಲ್ಲ?

ಏಳೂವರೆಗೆ ಬಾಗಿಲಾಚೆ ನೋಡಿದರೆ ಅವಳು ಚಪ್ಪಲಿ ಹಾಕಿಕೊಂಡು, ಫೋನು ಹಿಡಿದು, ಕೊನೆಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಾಳೆ.

"ಹೋಗ್ಲಿಲ್ವಾ ಇನ್ನೂ?"

"ಬಂತಂತಲ್ರಿ. ಬಂದು ಹೋಗ್ಯಾದ."

ಹೇಳುತ್ತಿದ್ದಂತೆಯೇ ಬೀದಿಯ ತುದಿಯಲ್ಲಿ ಬಸ್ಸೊಂದು ನಿಂತಿತು. ಇಬ್ಬರೂ ನೋಡಿದೆವು. ಅವಳು ಎದ್ದು ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಹೊರಟೇಹೋಯಿತು. ಮುಂದಿನದಕ್ಕೆ ನಲವತ್ತು ನಿಮಿಷ. ಅಷ್ಟೂ ಹೊತ್ತು ಅವಳು ಸ್ಟಾಪಿನಲ್ಲೇ ನಿಂತಳು, ಹೊಗೆಯಲ್ಲೇ.

ಆ ಪದ ಅಳಿಸಲು ಎರಡು ನಿಮಿಷ ಸಾಕಾಯಿತು. ಅದರ ಜಾಗಕ್ಕೆ ಏನು ಹಾಕುವುದೆಂದು ಮಧ್ಯಾಹ್ನವೆಲ್ಲ ಕೂತೆ. ಕಣ್ಣು ಉರಿಯುತ್ತಿತ್ತು, ಪಾತ್ರೆ ಸಿಂಕಿನಲ್ಲೇ ಬಿದ್ದಿತ್ತು. "ಬರುತ್ತಿದೆ" ಅನ್ನೋಣವೆಂದರೆ ಬಸ್ಸು ಹೊರಡುವ ಶಿವಾಜಿನಗರ ಬಿಟ್ಟಾಗಿನಿಂದಲೂ ಅದು ಬರುತ್ತಲೇ ಇರುತ್ತದೆ. ಕೊನೆಗೆ "ಓಡಿ, ಸಿಗುತ್ತೆ" ಎಂದು ಬರೆದೆ.

ಸಂಜೆ ಟೆರೇಸಿನಲ್ಲಿ ಅವಳು ಬಟ್ಟೆ ತೆಗೆಯುತ್ತಿದ್ದಳು. ಬೆಳಿಗ್ಗೆ ಹಾಕಿದ ಪಿನ್ನು ಸೆರಗಿನಲ್ಲಿ ಹಾಗೇ ಇತ್ತು.

"ಏನಂದ್ರು?"

"ಬ್ಯಾರೆಯಾಕಿನ್ನ ತಗೊಂಡಾರ. ಯಾರರ ಬಿಟ್ರ ಹೇಳ್ತೀನಿ ಅಂದಾರ."

"ನಂದೇ ತಪ್ಪು ಕಣಮ್ಮ."

ಅವಳು ಕ್ಲಿಪ್ಪುಗಳನ್ನು ಒಂದೊಂದಾಗಿ ಹಗ್ಗದ ಕೊನೆಗೆ ಸರಿಸಿದಳು.

"ನೀವು ಬಂದೆ ಅಂದ್ರ ಹತ್ತು ಮಿನಿಟು ಅಂತ ನನಗ ಗೊತ್ತದ ಅಕ್ಕಾ," ಎಂದಳು. "ಬಸ್ಸೂ ನಿಮ್ಮಂಗೇ ಮಾತಾಡ್ತದಂತ ನನಗೇನ್ ಗೊತ್ತು?"