ಬೆರೆಸದ ಗಾಜಿನ ಎಳೆ

ಗಂಗಕ್ಕ, ಆ ಹಿಡಿಕೆಗಳು ಮುರಿದದ್ದು ನಿನ್ನಿಂದಲ್ಲ, ನನ್ನಿಂದ. ಪ್ಲಾಸ್ಟಿಕ್ಕಿಗೆ ಗಾಜಿನ ಎಳೆ ಬೆರೆಸಬೇಕಾದವಳು ನಾನು. ಬೆರೆಸಲಿಲ್ಲ. ಬೆರೆಸಿದ್ದೇನೆಂದು ಸುಳ್ಳು ಹೇಳಿದೆ. ಇಷ್ಟನ್ನು ಬರೆಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ಐವತ್ತರ ದಶಕದ ಕೊನೆ — ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಆ ತಗಡಿನ ಶೆಡ್ಡು ನಿನಗೆ ನೆನಪಿರಬೇಕು. ಅದರ ಯಜಮಾನರು ಮುಂಬಯಿಯಿಂದ ತಂದಿದ್ದ ಕೈಯಂತ್ರದಲ್ಲಿ ನೀನು ಪ್ಲಾಸ್ಟಿಕ್ ಕರಗಿಸಿ, ಹಿಡಿ ಜಗ್ಗಿ ಅಚ್ಚಿಗೆ ತುಂಬುತ್ತಿದ್ದೆ. ಬೆಳೆಗೆ ಔಷಧಿ ಹೊಡೆಯುವ ಪಂಪಿನ ಹಿಡಿಕೆಗಳು ಒಂದೊಂದಾಗಿ ಹೊರಬರುತ್ತಿದ್ದವು. ಬರೀ ಪ್ಲಾಸ್ಟಿಕ್ ಆದರೆ ಬೇಗ ಮುರಿಯುತ್ತದೆ. ಅದಕ್ಕೇ ಭತ್ತದ ಹೊಟ್ಟಿನಷ್ಟು ಸಣ್ಣಗೆ ಕತ್ತರಿಸಿದ ಗಾಜಿನ ಎಳೆಗಳನ್ನು, ಕರಗಿಸುವ ಮೊದಲೇ, ಪ್ಲಾಸ್ಟಿಕ್ ಕಾಳಿಗೆ ಬೆರೆಸಿಕೊಡುವುದು ನನ್ನ ಕೆಲಸ.

ಆ ಎಳೆ ಚರ್ಮ ಹೊಕ್ಕರೆ ಕಣ್ಣಿಗೆ ಕಾಣದು, ತುರಿಕೆ ಮಾತ್ರ ಬಿಡದು. ಸೀರೆಗೆ ಅಂಟಿಕೊಂಡು ಮನೆಗೂ ಬರುತ್ತಿತ್ತು. ಎತ್ತಿಕೊಂಡರೆ ಸಾಕು, ನನ್ನ ಐದು ತಿಂಗಳ ಮಗಳು ಎದೆಹಾಲನ್ನೂ ಬಿಟ್ಟು ಕಿರುಚುತ್ತಿದ್ದಳು. ಒಂದು ದಿನ ಎಳೆಗಳನ್ನೆಲ್ಲ ಶೆಡ್ಡಿನ ಹಿಂದೆ ಗುಂಡಿಯಲ್ಲಿ ಹೂತುಬಿಟ್ಟೆ. ಆ ವಾರ ಮಗು ಅಳಲಿಲ್ಲ. ಮುಂದಿನ ವಾರವೂ ಹೂತೆ... ನೀನು ಹಿಡಿಕೆ ಸವರಿ, “ಈ ಸಲ ಎಷ್ಟ್ ನುಣುಪು ಬಂದದೆ ನೋಡೇ!” ಎಂದು ಹಿಗ್ಗಿದ್ದೆ.

ಮರುತಿಂಗಳು ಅಂಜನಾಪುರದ ರೈತರೊಬ್ಬರು ಕೈಗೆ ಬಟ್ಟೆ ಸುತ್ತಿಕೊಂಡು ಬಂದರು. ಹಿಡಿಕೆ ತುಂಡಾಗಿ, ಚೂಪಾದ ತುದಿ ಅಂಗೈಯನ್ನು ಸೀಳಿತ್ತು. ಯಜಮಾನರು ಮೊದಲು ನನ್ನನ್ನೇ ಕೇಳಿದರು.

“ಎಳೆ ಹಾಕೀರೇನಮ್ಮ?”

“ಹಾಕೀನ್ರೀ.”

ಒಂದೇ ಮಾತು. ಅವರು ನಿನ್ನತ್ತ ತಿರುಗಿದರು. “ಹಂಗಾದ್ರೆ ನೀವೇ ಕಾವು ಜಾಸ್ತಿ ಮಾಡಿ ಸುಟ್ಟೀರಿ, ಗಂಗಮ್ಮ. ನಾಳಿಂದ ಬರಬ್ಯಾಡ್ರಿ.”

ನೀನು ವಾದಿಸುತ್ತೀಯ ಎಂದುಕೊಂಡೆ. ನೀನೋ ನಿನ್ನ ಕೈಗಳನ್ನೇ ನೋಡಿಕೊಂಡೆ. ಆಮೇಲೆ, ಅಳುತ್ತಿದ್ದ ನನ್ನ ಬೆನ್ನು ಸವರಿದೆ. “ನನ್ ಕೈಯೇ ತಪ್ಪಿರ್ಬೇಕು ಕಣೇ ಪಾರ್ವತಿ. ನೀ ಯಾಕ್ ಅಳ್ತೀಯ?”

ನಾನು ಕಣ್ಣೊರೆಸಿಕೊಂಡು ಕಾಳಿನ ಚೀಲದತ್ತ ಹೋದೆ.

ನೀನು ಸೊರಬದ ಕಡೆ, ತವರೂರು ಉಳವಿಗೆ ಹೊರಟುಹೋದೆ. ಹೋದ ವರ್ಷ ಹೇಳಿಬಿಡಬೇಕೆಂದೇ ಬಸ್ಸು ಹತ್ತಿ ಬಂದೆ. ಹಾಲು ಕಾಯಿಸಲು ನೀನು ಸೊಸೆಯನ್ನು ಕರೆದೆ. “ಕಾವಿನ ಅಂದಾಜು ನಂಗೆ ಸಿಗಲ್ಲ ಕಣೇ. ಅವತ್ತಿಂದ ಒಲೆ ಮುಂದೆ ಕೂರೋದೇ ಬಿಟ್ಟೆ” ಎಂದು ನಕ್ಕೆ. ಆ ನಗು ನೋಡಿದ ಮೇಲೆ... ಹಾಲು ಕುಡಿದು ಎದ್ದು ಬಂದುಬಿಟ್ಟೆ.

ಮಗುವಿನ ವಿಷಯ ಬರೆದದ್ದು ಕರುಣೆ ಬೇಡಲಿಕ್ಕಲ್ಲ. ಸುಳ್ಳು ಹೇಳಿದ ಗಳಿಗೆಯಲ್ಲಿ ಮಗು ನನ್ನ ಕಂಕುಳಲ್ಲಿ ಇರಲಿಲ್ಲ. ಹೆದರಿಕೆ ಇತ್ತು, ಅಷ್ಟೇ.

ನಿನಗೆ ಓದು ಬರದು. ಇದನ್ನು ನಿನ್ನ ಸೊಸೆ ಓದಲಿ — ಮನೆಯವರೆಲ್ಲ ಕೂತಿರುವಾಗ, ಗಟ್ಟಿಯಾಗಿ. ಬರುವ ಸೋಮವಾರ ನಾನೂ ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಜಗಲಿಯ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿ ಹೋಗುತ್ತೇನೆ.