ಅಕ್ಕನಾಗಮ್ಮನ ಹೊಸ ಮೇಲ್

ದಾವಣಗೆರೆಯ ವಿನೋಬನಗರದಲ್ಲಿ ರವಿಕೆ ಹೊಲಿಯುವವರಿಗೆ ಬರವಿಲ್ಲ. ಆದರೂ ಮದುವೆ ರವಿಕೆ ಎಂದರೆ ಜನ ಅಕ್ಕನಾಗಮ್ಮನ ಅಂಗಡಿಯನ್ನೇ ಕೇಳಿಕೊಂಡು ಬರುತ್ತಿದ್ದರು. ಊರಿನ ಅರ್ಧ ಮದುವಣಗಿತ್ತಿಯರಿಗೆ ಹೊಲಿದುಕೊಟ್ಟ ಆಕೆಗೆ ಮಾತ್ರ ಮದುವೆಯಾಗಲಿಲ್ಲ. ಕಾರಣ ತಮ್ಮ ಅಜ್ಜಪ್ಪ. ಕಾಲೇಜಿಗೆ ಹೋಗುತ್ತಿದ್ದ ಹುಡುಗನಿಗೆ ಇದ್ದಕ್ಕಿದ್ದಂತೆ ತಲೆ ಕೆಟ್ಟಿತು. ಹೆಣ್ಣು ನೋಡಲು ಬಂದವರು ಒಳಕೋಣೆಯಲ್ಲಿ ಅವನು ಒಬ್ಬನೇ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡು, ಉಪ್ಪಿಟ್ಟು ತಿಂದು, ಕೈ ತೊಳೆದು ಹೋಗುತ್ತಿದ್ದರು. ಮತ್ತೆ ಅವರಿಂದ ಸುದ್ದಿ ಬರುತ್ತಿರಲಿಲ್ಲ.

ತಂದೆತಾಯಿ ಕಣ್ಣುಮುಚ್ಚಿದ ಮೇಲೆ ಅಣ್ಣ ಕೊಟ್ಟೂರೇಶ ಮಲೆಬೆನ್ನೂರಿನ ಮನೆ, ಗದ್ದೆ ನೋಡಿಕೊಂಡ. ತಮ್ಮನನ್ನು ಇವಳು ನೋಡಿಕೊಂಡಳು. ಅಜ್ಜಪ್ಪ ಅಂಗಡಿಯ ಮೂಲೆಯಲ್ಲಿ ಕೂತು ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ. ಅಕ್ಕ ಕಣ್ಣಿಗೆ ಬೀಳದಿದ್ದರೆ "ನಾಗಕ್ಕ, ನಾಗಕ್ಕ" ಎಂದು ಕೂಗುತ್ತಿದ್ದ. ಮಾತ್ರೆ ಕೊಟ್ಟರೆ ನುಂಗುತ್ತಿದ್ದ, ಉಣ್ಣಿಸಿದರೆ ಉಣ್ಣುತ್ತಿದ್ದ. ಯಾರಿಗೂ ಅವನಿಂದ ತೊಂದರೆಯಿರಲಿಲ್ಲ.

ಅವನು ಕಳೆದುಹೋದದ್ದು ಹುಚ್ಚು ಬಿಡುತ್ತದೆಂದು ಜನ ನಂಬುವ ಕ್ಷೇತ್ರ ಉಕ್ಕಡಗಾತ್ರಿಯಲ್ಲಿ, ಒಂದು ಅಮಾವಾಸ್ಯೆ ದಿನ. ಮೈಮೇಲೆ ಬಂದವರು, ಬುದ್ಧಿ ಕೆಟ್ಟವರು, ಅವರನ್ನು ಹಿಡಿದುಕೊಂಡು ಬಂದವರು, ಎಲ್ಲರೂ ಹೊಳೆಯ ದಂಡೆಯಲ್ಲಿ ನೆರೆದಿದ್ದರು. ತಮ್ಮನಿಗೆ ಸ್ನಾನ ಮಾಡಿಸಿ, ಒಣ ಅಂಗಿ ತೊಡಿಸಿ, ಒದ್ದೆ ಪಂಚೆ ಹಿಂಡಲು ಅಕ್ಕನಾಗಮ್ಮ ಅವನ ಕೈ ಬಿಟ್ಟಳು. ಪಂಚೆ ಹಿಂಡಿ ತಿರುಗಿದರೆ ಅವನಿರಲಿಲ್ಲ.

ಕೊಟ್ಟೂರೇಶ ಮೊದಲ ವಾರವೇ ಕೈ ಝಾಡಿಸಿಕೊಂಡ. "ಹೋದೋನು ಹೋದ, ನಿನಗೂ ಬಿಡುಗಡೆ ಆತು ಅಂತ ತಿಳ್ಕ," ಎಂದ. ಅವಳು ತಿಳಿದುಕೊಳ್ಳಲಿಲ್ಲ. ಹರಿಹರದ ರೈಲ್ವೆ ನಿಲ್ದಾಣ, ಬಸ್ ನಿಲ್ದಾಣ, ಉಕ್ಕಡಗಾತ್ರಿಯ ಛತ್ರದ ಗೋಡೆ, ಎಲ್ಲ ಕಡೆ ಅವನ ಫೋಟೊ ಅಂಟಿಸಿ ಕೆಳಗೆ ತನ್ನ ಫೋನ್ ನಂಬರ್ ಹಾಕಿಸಿದಳು.

ಫೋನುಗಳು ಬಂದವು. ಹೆಣ್ಣುದನಿ ಕೇಳುತ್ತಲೇ ಮಾತಿನ ಧಾಟಿ ಬದಲಿಸುವವರು ಕೆಲವರು. ಇಂಥ ಊರಲ್ಲಿ ಕಂಡೆ, ಬಾ ಎಂದು ಕರೆಸಿ, ಬಸ್ ನಿಲ್ದಾಣದಲ್ಲಿ ಕಾಯಿಸಿ ಫೋನ್ ಆರಿಸುವವರು ಕೆಲವರು. ಒಬ್ಬ "ನಾಗಕ್ಕಾ, ಹಸಿವಾಗೈತೆ, ನಾಗಕ್ಕಾ" ಎಂದು ಅಳುವ ದನಿ ಮಾಡಿದ. ಹಿಂದೆ ಇನ್ಯಾರೋ ನಗುವುದು ಕೇಳಿಸುತ್ತಿತ್ತು. ಮನೆಯವರು ಕರೆಯುವ ಹೆಸರು ಅವನಿಗೆ ಹೇಗೆ ಗೊತ್ತಾಯಿತೋ; ಓಣಿಯವನೇ ಯಾರೋ ಇರಬೇಕು. ಅದು ತಮ್ಮನ ದನಿಯಲ್ಲ ಎಂದು ಗೊತ್ತಿದ್ದೂ ಆ ಕಡೆಯವರು ಇಡುವ ತನಕ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಆಗ ಪಕ್ಕದ ಅಂಗಡಿಯ ಇರಮ್ ಒಂದು ದಾರಿ ಹೇಳಿದಳು. ಇರಮ್ ಅಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಳು. ಪಹಣಿ, ಪಾನ್ ಕಾರ್ಡ್, ಪರೀಕ್ಷೆಯ ಅರ್ಜಿ, ಎಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಫೋನ್ ನಂಬರ್ ತೆಗೆದುಹಾಕಿ, ಒಂದು ಮೇಲ್ ವಿಳಾಸ ಹಾಕೋಣ ಎಂದಳು. ಕುಳಿತು ಬರೆಯುವಷ್ಟು ತಾಳ್ಮೆ ಪೋಲಿಗಳಿಗೆ ಇರುವುದಿಲ್ಲ, ನಿಜವಾಗಿ ಕಂಡವರು ಫೋಟೊ ಸಮೇತ ಕಳಿಸುತ್ತಾರೆ ಎಂಬುದು ಅವಳ ಲೆಕ್ಕ. ಸೆಂಟರಿಗೆ ಇಂಟರ್ನೆಟ್ ಕೊಟ್ಟಿದ್ದ ಊರಿನ ಕೇಬಲ್ ಕಂಪನಿ ಸಂಪರ್ಕದ ಜೊತೆಗೆ ಪುಕ್ಕಟೆ ಮೇಲ್ ವಿಳಾಸಗಳನ್ನೂ ಕೊಟ್ಟಿತ್ತು. ಅದರಲ್ಲೊಂದನ್ನು ಅಜ್ಜಪ್ಪನ ಹೆಸರಿಗೆ ಮಾಡಿದರು. ಹೊಸ ಪೋಸ್ಟರ್ ಅಚ್ಚಾಯಿತು, ಇಂಟರ್ನೆಟ್ಟಿಗೂ ಹಾಕಿದರು. ರಾಜ್ಯದಲ್ಲಿ ಗೊತ್ತಿದ್ದ ನಿರಾಶ್ರಿತರ ಆಶ್ರಮಗಳಿಗೆಲ್ಲ ಇರಮ್ ಬರೆದು ಕಳಿಸಿದಳು.

ಪೋಲಿಗಳಿಗೆ ಆ ತಾಳ್ಮೆಯೂ ಇತ್ತು. ಹಳಿಯ ಮೇಲೆ ಬಿದ್ದ ಹೆಣದ ಫೋಟೊ ಕಳಿಸಿ "ಇವನೇನಾ ನೋಡು" ಎಂದು ಬರೆದವರಿದ್ದರು. ಅಕ್ಕನಾಗಮ್ಮ ಅಂಥವನ್ನೂ ಬಿಡದೆ ನೋಡಿದಳು. ಹಲ್ಲು, ಕಿವಿ, ಕಾಲಿನ ಬೆರಳು ನೋಡಿ ಅಲ್ಲ ಎಂದಳು. ಎರಡು ವರ್ಷ ಹೀಗೆ ನಡೆಯಿತು. ಮೊದಲು ದಿನಾ ಮೇಲ್ ನೋಡುತ್ತಿದ್ದವಳು ಆಮೇಲೆ ಸೋಮವಾರಕ್ಕೊಮ್ಮೆ ನೋಡತೊಡಗಿದಳು. ಈ ವರ್ಷ ಯುಗಾದಿ ಕಳೆದು ಮದುವೆಗಳ ಸಾಲು ಶುರುವಾದಾಗ ತಲೆ ಎತ್ತಲೂ ಪುರುಸೊತ್ತಾಗಲಿಲ್ಲ. ಇನ್ನೊಂದು ಹೆಣದ ಮುಖ ನೋಡುವ ಧೈರ್ಯವೂ ಇರಲಿಲ್ಲ. ಬರುವ ಸೋಮವಾರ ಎಂದುಕೊಂಡೇ ಎರಡು ತಿಂಗಳು ದೂಡಿದಳು. ಇರಮ್ ಹೆರಿಗೆಗೆಂದು ತವರಿಗೆ ಹೋಗಿದ್ದಳು, ನೆನಪಿಸುವವರೂ ಇರಲಿಲ್ಲ.

ಇರಮ್ ಮಗುವಿನೊಂದಿಗೆ ಹಿಂತಿರುಗಿ ಸೆಂಟರ್ ತೆರೆದ ದಿನ ಇಬ್ಬರೂ ಕೂತು ಮೇಲ್ ತೆರೆಯಲು ನೋಡಿದರು. ತೆರೆಯಲಿಲ್ಲ. ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತ್ತು, ಹಳೆಯ ಮೇಲ್‌ಗಳನ್ನೆಲ್ಲ ಅಳಿಸಿಹಾಕಿತ್ತು.

ಅಕ್ಕನಾಗಮ್ಮ ಕಂಪನಿಯ ಆಫೀಸಿಗೆ ಹೋಗಿ ಕೂತಳು. ಮೇಜಿನ ಹಿಂದಿದ್ದ ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಮುಚ್ಚುವುದಕ್ಕೆ ಮೊದಲು ಎಲ್ಲರಿಗೂ ನೋಟಿಸ್ ಕಳಿಸಿದ್ದೇವೆ ಎಂದ.

"ಎಲ್ಲಿಗೆ ಕಳ್ಸಿದ್ರಿ?"

"ನಿಮ್ಮ ಮೇಲ್‌ಗೇ, ಅಮ್ಮಾ."

ಒಳಗಿದ್ದ ಕಾಗದಗಳನ್ನಾದರೂ ಹುಡುಕಿ ಕೊಡಿ ಎಂದು ಅವಳು ಕೇಳಿದಳು. ತಮ್ಮನ ವಿಷಯ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, ಪುಕ್ಕಟೆ ಕೊಟ್ಟಿದ್ದಕ್ಕೆ ಗ್ಯಾರಂಟಿ ಇರಲ್ಲ ಎಂದ. ಆಮೇಲೆ ಸಂಪರ್ಕದ ವೇಗ ಹೆಚ್ಚಿಸಿಕೊಳ್ಳುತ್ತೀರಾ, ಆಫರ್ ಇದೆ ಎಂದ.

ಹಾಳಾದರೆ ಹಾಳಾಯಿತು, ಫೋನಿನಲ್ಲೇ ಬರುವ, ಎಲ್ಲರೂ ಬಳಸುವ ಮೇಲ್ ಇದೆಯಲ್ಲ, ಈಗಲೇ ಒಂದು ವಿಳಾಸ ಮಾಡಿ, ಈ ಸಲ ಹೊರರಾಜ್ಯದವೂ ಸೇರಿ ಆಶ್ರಮಗಳಿಗೆಲ್ಲ ಮತ್ತೆ ಬರೆಯೋಣ ಎಂದು ಇರಮ್ ಅವತ್ತೇ ಹೇಳಿದಳು. ಹತ್ತು ನಿಮಿಷದ ಕೆಲಸ.

ಅಕ್ಕನಾಗಮ್ಮ ಒಪ್ಪಲಿಲ್ಲ. "ಅದೂ ಪುಕ್ಕಟೆನೇ ಅಲ್ಲೇನೆ? ಪುಕ್ಕಟೆ ನಂಬಿ ಒಂದ್ಸಲ ಕೆಟ್ಟಿದ್ದು ಸಾಲ್ದಾ? ಈ ಸಲ ಗಟ್ಟಿಯಾದ್ದು ನೋಡಿ ಹಿಡಿಯಾನ."

ಅವಳು ಸುಮ್ಮನೆ ಹಟ ಮಾಡುತ್ತಿರಲಿಲ್ಲ. ರವಿಕೆ ಕೊಡಲು ಬಂದವರನ್ನೆಲ್ಲ ಕೇಳುತ್ತ ಹೋದಂತೆ ಅವಳ ಭಯ ಹೆಚ್ಚಿತು. ಒಬ್ಬ ಟೀಚರಿಗೆ ಫೋನ್ ನಂಬರ್ ಬದಲಾಗಿ ಮೇಲ್ ಒಳಗೆ ಹೋಗಲು ಆಗದೆ ಎಲ್ಲ ಅಲ್ಲೇ ಉಳಿದಿತ್ತು. ಇನ್ನೊಬ್ಬಳ ಮೇಲ್ ಫೋಟೊಗಳಿಂದ ತುಂಬಿ, ಹೊಸದಾಗಿ ಬಂದವು ವಾಪಸ್ ಹೋಗಿದ್ದವು. ಮತ್ತೊಬ್ಬರಿಗೆ ಕೆಲಸದ ಕರೆಯೇ ಬೇಡದ ಕಾಗದಗಳ ಕಡೆಗೆ ಬಿದ್ದು, ತಿಂಗಳಾದ ಮೇಲೆ ಕಂಡಿತ್ತು. ಬಹಳ ದಿನ ತೆರೆಯದೆ ಬಿಟ್ಟರೆ ಅಳಿಸಿಯೇ ಹಾಕುತ್ತಾರೆ ಎಂದು ಯಾರೋ ಹೇಳಿದರು. ಊರಿನದೇ ಒಬ್ಬ ವೆಬ್‌ಸೈಟ್ ಮಾಡುವವನು ಅಜ್ಜಪ್ಪನ ಹೆಸರಿನದೇ ವಿಳಾಸ ಮಾಡಿಕೊಡುತ್ತೇನೆ ಎಂದ. ನೀನು ಅಂಗಡಿ ಮುಚ್ಚಿದರೆ ಏನಪ್ಪ ಗತಿ ಎಂದು ಅಕ್ಕನಾಗಮ್ಮ ಕೇಳಿದ್ದಕ್ಕೆ ಅವನು ರೇಟು ಇಳಿಸಿದ. ವಿದೇಶದ ಕಂಪನಿಯೊಂದು ವರ್ಷಕ್ಕಿಷ್ಟು ಎಂದು ದುಡ್ಡು ತೆಗೆದುಕೊಂಡು ಕೊಡುತ್ತಿತ್ತು. ಒಂದು ವರ್ಷ ಕಟ್ಟುವುದು ಮರೆತರೆ ಎಲ್ಲ ಹೋಯಿತಲ್ಲ ಎಂದು ಅದನ್ನೂ ಬಿಟ್ಟಳು.

ಕೊನೆಗೆ ಇರಮ್‌ಳ ಸೋದರಮಾವ ಜಮಾಲುದ್ದೀನ್ ಸಾಹೇಬರನ್ನು ಕೇಳೋಣ ಎಂದಾಯಿತು. ಹರಿಹರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಂಡು ನಿವೃತ್ತರಾದವರು ಅವರು. ಒಂದು ಗುರುವಾರ ಅಂಗಡಿ ಮುಚ್ಚಿ ಅಕ್ಕನಾಗಮ್ಮ ಹರಿಹರದ ಬಸ್ಸು ಹತ್ತಿದಳು.

ಸಾಹೇಬರು ಚಹಾ ತರಿಸಿದರು. ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ದೊಡ್ಡ ಕಂಪನಿ, ಹಳೆಯ ಕಂಪನಿ ಹಿಡಿಯಬೇಕು. ಬಾಗಿಲು ಮುಚ್ಚಿಕೊಂಡರೆ ತೆರೆಯಲು ಎರಡನೇ ನಂಬರು, ಎರಡನೇ ವಿಳಾಸ ಕೊಟ್ಟಿರಬೇಕು. ಬಂದ ಪ್ರತಿಯೊಂದರ ನಕಲು ಇರಮ್‌ಳ ಕಂಪ್ಯೂಟರಿನಲ್ಲೂ ಇಳಿಯುವಂತೆ ಮಾಡಿಕೊಳ್ಳಬೇಕು. ಎರಡು ಮೂರು ಕಡೆ ವಿಳಾಸ ಮಾಡಿ, ಬೇರೆ ಬೇರೆ ಊರಿನಿಂದ ಕಾಗದ ಕಳಿಸಿ, ಯಾವುದಕ್ಕೆ ಎಲ್ಲವೂ ಸರಿಯಾಗಿ ಬಂದು ಬೀಳುತ್ತವೆ ಎಂದು ಎರಡು ವಾರ ನೋಡಬೇಕು.

"ಅವಸರ ಮಾಡಬ್ಯಾಡ್ರಿ ತಾಯಿ," ಎಂದರು. "ಹಳೇದು ಹೋತು. ಹೊಸಾದಾದ್ರೂ ಪಕ್ಕಾ ಆಗ್ಲಿ."

ಅಕ್ಕನಾಗಮ್ಮನಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆಯನ್ನೂ ಮಾಡಿದಳು.

ಅವರು ಹೇಳಿದಂತೆಯೇ ಮಾಡಿದರು. ಎರಡು ವಾರ ಪರೀಕ್ಷೆ ನಡೆಯಿತು. ದುಡ್ಡಿನದೊಂದು, ಪುಕ್ಕಟೆಯವೆರಡು. ದಾವಣಗೆರೆ, ಹರಿಹರ, ಇರಮ್‌ಳ ನೆಂಟರ ಊರುಗಳು, ಎಲ್ಲ ಕಡೆಯಿಂದ ಕಾಗದ ಬಂದವು. ಎಲ್ಲ ನೋಡಿ, ತೂಗಿ, ಕೊನೆಗೆ ಆರಿಸಿದ್ದು ಇರಮ್ ಮೊದಲ ದಿನ ಹೇಳಿದ್ದನ್ನೇ. ಎರಡನೇ ನಂಬರ್ ಕೊಟ್ಟರು, ನಕಲು ಇಳಿಯುವ ವ್ಯವಸ್ಥೆ ಮಾಡಿದರು. ಒಳ್ಳೆಯ ದಿನ ನೋಡಿ ಆಶ್ರಮಗಳಿಗೆಲ್ಲ ಹೊಸ ವಿಳಾಸದಿಂದ ಅಜ್ಜಪ್ಪನ ಫೋಟೊ ಹೋಯಿತು.

ಮರುದಿನವೇ ಒಂದು ಉತ್ತರ ಬಂತು. ಮಹಾರಾಷ್ಟ್ರದ ಗಡಿಯಾಚೆಯ ಒಂದು ಆಶ್ರಮದಿಂದ, ಇಂಗ್ಲಿಷಿನಲ್ಲಿ. ಇರಮ್ ಓದುತ್ತ ಓದುತ್ತ ಮಗುವನ್ನು ತೊಡೆಯಿಂದ ಇಳಿಸಿದಳು.

"ಏನಂತೆ?" ಅಕ್ಕನಾಗಮ್ಮ ಕೇಳಿದಳು.

"ಅವರತ್ರ ಇದ್ನಂತೆ ಅಕ್ಕ."

"ಇದ್ನಂತೆ ಅಂದ್ರೆ?"

ಇರಮ್ ಪರದೆಯನ್ನು ಅವಳ ಕಡೆಗೆ ತಿರುಗಿಸಿದಳು. ಅಕ್ಕನಾಗಮ್ಮ ಕುರ್ಚಿ ಎಳೆದುಕೊಂಡು ಕೂತಳು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳು, ಏನನ್ನೂ ನುಂಗಬೇಡ ಎಂದಳು.

ರೈಲ್ವೆ ಪೊಲೀಸರು ಅವನನ್ನು ಎರಡು ವರ್ಷದ ಹಿಂದೆ ಅಲ್ಲಿಗೆ ತಂದುಬಿಟ್ಟಿದ್ದರು. ಅವನ ಭಾಷೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. "ನಾಗ, ನಾಗ" ಎಂದು ಕೂಗುತ್ತಿದ್ದ. ಹಾವಿಗೆ ಹೆದರುತ್ತಾನೆಂದು ತಿಳಿದು ಮೊದಮೊದಲು ಮಂಚದ ಕೆಳಗೆ ಬೆಳಕು ಬಿಟ್ಟು ತೋರಿಸುತ್ತಿದ್ದರು. ಆಮೇಲೆ ಕೂಗಿದಾಗಲೆಲ್ಲ ಸೂಜಿ ಚುಚ್ಚಿ ಮಲಗಿಸುತ್ತಿದ್ದರು. ಈ ಬೇಸಿಗೆಯಲ್ಲಿ ಕನ್ನಡ ಬಲ್ಲ ನರ್ಸ್ ಒಬ್ಬಳು ಹೊಸದಾಗಿ ಬಂದಳು. ಅವಳು ಅವನನ್ನು ಮಾತಾಡಿಸಿ, ಊರಿನ ಹೆಸರು ಹೊರಡಿಸಿ, ಇಂಟರ್ನೆಟ್ಟಿನಲ್ಲಿ ಪೋಸ್ಟರ್ ಹುಡುಕಿದಳು. ಮೂರು ಸಲ ಬರೆದರು. ಮೊದಲನೆಯದರಲ್ಲಿ ಅವನ ಫೋಟೊ ಇತ್ತು. ಎರಡನೆಯದರಲ್ಲಿ, ಅಕ್ಕ ಬರುತ್ತಾಳೆಂದು ಹೇಳಿದ್ದೇವೆ, ದಿನಾ ಗೇಟಿನ ಹತ್ತಿರ ಹೋಗಿ ಕೂರುತ್ತಾನೆ ಎಂದಿತ್ತು. ಮೂರನೆಯದರಲ್ಲಿ, ಜ್ವರ ಶ್ವಾಸಕೋಶಕ್ಕೆ ಇಳಿದಿದೆ, ಬೇಗ ಬನ್ನಿ ಎಂದು ಬರೆದಿದ್ದರು. ಕಾಗದಗಳು ವಾಪಸಾಗಲಿಲ್ಲವಾದ್ದರಿಂದ ತಲುಪಿವೆ ಎಂದೇ ತಿಳಿದಿದ್ದರು. ಇಂಥವರ ಮನೆಯವರು ಉತ್ತರ ಕೊಡದಿರುವುದು ನಮಗೆ ಹೊಸದಲ್ಲ, ನಾವು ಯಾರನ್ನೂ ದೂರುವುದಿಲ್ಲ ಎಂದೂ ಸೇರಿಸಿದ್ದರು.

"ಯಾವತ್ತು ಹೋದ?"

ಇರಮ್ ತಾರೀಖು ಹೇಳಿದಳು. ಗೋಡೆಯ ಕ್ಯಾಲೆಂಡರ್ ನೋಡಿ, ಗುರುವಾರ ಎಂದಳು. ಹೇಳಿದ ಮೇಲೆ ಅವಳಿಗೇ ಹೊಳೆಯಿತು.

ಅಕ್ಕನಾಗಮ್ಮನಿಗೆ ಸಾಹೇಬರ ಮನೆಯಲ್ಲಿ ಕೂತಿದ್ದ ಆ ಗುರುವಾರ ಚಹಾದ ಏಲಕ್ಕಿ ವಾಸನೆ ಸಮೇತ ನೆನಪಾಯಿತು. ಹಳೆಯ ಮೇಲ್ ಹೋದದ್ದು ಗೊತ್ತಾದಾಗ ಅಜ್ಜಪ್ಪ ಬದುಕಿದ್ದ. ಟೀಚರಮ್ಮನನ್ನು ಕೇಳುವಾಗ, ವೆಬ್‌ಸೈಟಿನವನೊಂದಿಗೆ ವಾದಿಸುವಾಗ ಅವನು ಬದುಕಿದ್ದ. ಇರಮ್ ಹೇಳಿದ ಆ ಹತ್ತು ನಿಮಿಷದಲ್ಲಿ ಯಾವುದೋ ಒಂದು ವಿಳಾಸ ಮಾಡಿ ಬರೆದಿದ್ದರೆ, ರೈಲು ಹತ್ತಿ ಮಾರನೆಯ ದಿನ ಅವನ ಮುಂದೆ ನಿಲ್ಲಬಹುದಿತ್ತು.

"ಹೂತಿಟ್ಟರಂತಾ?" ಎಂದು ಕೇಳಿದಳು.

ಮುನ್ಸಿಪಾಲಿಟಿಯವರು ಒಯ್ದು ಸುಟ್ಟಿದ್ದರು. ಕೊರಳಲ್ಲಿ ಲಿಂಗವಿಲ್ಲದವನ ಜಾತಿ ಅವರಿಗೆ ಹೇಗೆ ತಿಳಿಯಬೇಕು. ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡುವುದು ಅವನ ಪಾಲಿಗೆ ಬರಲಿಲ್ಲ. ಅಕ್ಕನಾಗಮ್ಮ ಎದ್ದು ತನ್ನ ಅಂಗಡಿಗೆ ಹೋಗಿ ಮಷೀನಿನ ಮುಂದೆ ಕೂತಳು. ಸಂಜೆ ಕೊಡಬೇಕಿದ್ದ ರವಿಕೆಗೆ ತೋಳು ಹಚ್ಚಿದಳು. ಹಿಂದುಮುಂದಾಗಿ ಹಚ್ಚಿದ್ದು ಮುಗಿಸಿದ ಮೇಲೆ ಕಂಡಿತು. ಬಿಚ್ಚಿ ಮತ್ತೆ ಹಚ್ಚಿದಳು.

ಜಮಾಲುದ್ದೀನ್ ಸಾಹೇಬರು ಆ ವಾರ ಫೋನ್ ಮಾಡಿ ಹೊಸ ಮೇಲ್ ಹೇಗಿದೆ ಎಂದು ವಿಚಾರಿಸಿದರು. "ಚೆನ್ನಾಗೈತ್ರಿ, ಎಲ್ಲಾ ಬಂದು ಬೀಳ್ತಾವೆ," ಎಂದಳು. ಉಳಿದದ್ದನ್ನು ಅವರಿಗೆ ಹೇಳಬಾರದೆಂದು ಇರಮ್‌ಳಿಂದ ಮಾತು ತೆಗೆದುಕೊಂಡಳು.

ಅಣ್ಣನಿಗೆ ಹೇಳಲೇಬೇಕಾಯಿತು. ಕೊಟ್ಟೂರೇಶ ಮಲೆಬೆನ್ನೂರಿನಿಂದ ಅವತ್ತೇ ಬಂದ. ಎರಡು ವರ್ಷದಲ್ಲಿ ಅವನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಆಮೇಲೆ ಗದ್ದೆಯ ಮಾತು ತೆಗೆದ. ಖಾತೆಯಲ್ಲಿ ಅಜ್ಜಪ್ಪನ ಹೆಸರೂ ಇದ್ದುದರಿಂದ, ಇದ್ದಾನೋ ಇಲ್ಲವೋ ಗೊತ್ತಿಲ್ಲದೆ ಎಲ್ಲ ನಿಂತುಹೋಗಿತ್ತಂತೆ.

"ಡೆತ್ ಸರ್ಟಿಫಿಕೇಟು, ಆಶ್ರಮದ್ದೊಂದು ಪತ್ರ, ಎರಡೂ ಆ ಮೇಲ್‌ಗೇ ಕಳ್ಸಾಕೆ ಹೇಳು," ಎಂದ. "ಈ ಮೇಲಾದ್ರೂ ನೆಟ್ಟಗೈತಾ?"

ನೆಟ್ಟಗಿತ್ತು. ಕೇಳಿದ ಮೂರನೇ ದಿನಕ್ಕೆ ಎರಡೂ ಬಂದವು. ನಕಲು ಇರಮ್‌ಳ ಕಂಪ್ಯೂಟರಿನಲ್ಲೂ ಇಳಿಯಿತು. ಮತ್ತೆ ಬಂದ ಕೊಟ್ಟೂರೇಶ ಅಚ್ಚಾದ ಪತ್ರವನ್ನು ಬೆಳಕಿಗೆ ಹಿಡಿದು, ಇದರಲ್ಲಿ ಏನಿದೆ ಓದು ಎಂದು ಇರಮ್‌ಳಿಗೆ ಕೊಟ್ಟ. ಸಂಬಂಧಿಕರು ಎಂಬಲ್ಲಿ, ಅವನು ಸೇರಿದ ದಿನದ ರಿಜಿಸ್ಟರಿನಲ್ಲಿದ್ದಂತೆ, ಯಾರೂ ಇಲ್ಲ ಎಂದು ಬರೆದಿತ್ತು.

"ಹಿಂಗಿದ್ರೆ ತಾಲೂಕು ಆಫೀಸ್ನಾಗೆ ನಡೆಯಲ್ಲ," ಎಂದ ಕೊಟ್ಟೂರೇಶ. "ತಿದ್ದಿ ಕಳ್ಸಾಕೆ ಬರಿ. ನಿನ್ನ ಹೆಸರು ಬ್ಯಾಡ, ಅಣ್ಣ ಅಂತ ನನ್ನ ಹೆಸರು ಹಾಕ್ಸು."

ಇರಮ್ ಅಕ್ಕನಾಗಮ್ಮನ ಮುಖ ನೋಡಿದಳು. ಅಕ್ಕನಾಗಮ್ಮ ಬಹಳ ಹೊತ್ತು ಯೋಚಿಸಲಿಲ್ಲ. ಬರಿ ಎಂದಳು, ಅಣ್ಣನ ಹೆಸರಿನ ಸ್ಪೆಲ್ಲಿಂಗನ್ನು ಅವನನ್ನೇ ಕೇಳು ಎಂದಳು.

ತಿದ್ದಿದ ಪತ್ರ ಸಂಜೆಯೊಳಗೆ ಬಂತು. ಆಶ್ರಮದವರು ಒಂದು ಸಾಲು ಹೆಚ್ಚಾಗಿ ಬರೆದಿದ್ದರು: ಅವರಿಗೆ ಅಣ್ಣನೊಬ್ಬರಿದ್ದಾರೆಂದು ತಿಳಿದು ಸಂತೋಷವಾಯಿತು.