ಪಂಕಜ ಟೀಚರ್ ಕಾರಿನ ಮಿಸ್ಸಿಂಗ್

ಇಡೀ ಚಿಂತಾಮಣಿಯಲ್ಲಿ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಓಡಿಸುವವರು ಒಬ್ಬರೇ. ಅವರು ಅರವತ್ತು ದಾಟಿದ, ಕಾಟನ್ ಸೀರೆ ಉಡುವ ನಿವೃತ್ತ ವಿಜ್ಞಾನದ ಟೀಚರ್. ಹೆಸರು ಪಂಕಜ. ನಾನು ಅವರ ಎದುರು ಮನೆಯವಳು, ಹೈಸ್ಕೂಲಿನಲ್ಲಿ ಅವರಿಂದ ಬೇಕಾದಷ್ಟು ಬೈಸಿಕೊಂಡವಳು. ಹಾಗಾಗಿ ಅವರ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಕಾರು ಅವರ ಅಣ್ಣ ಅನಂತರಾಮಯ್ಯನವರದು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಆ ಮನುಷ್ಯ ಜೀವನದಲ್ಲಿ ಮಾಡಿದ ಒಂದೇ ಹುಚ್ಚಾಟವೆಂದರೆ, ಬೆಂಗಳೂರಿನ ಯಾರಿಂದಲೋ ಈ ಹಳೆಯ ಕಾರು ಕೊಂಡು ತಂದದ್ದು. ತಂದರೇನೋ ನಿಜ, ನಲವತ್ತರ ಮೇಲೆ ಮುಳ್ಳು ಏರಲು ಬಿಡಲಿಲ್ಲ. ಅವರು ತೀರಿಕೊಂಡ ಮೇಲೆ ತಂಗಿ ಸ್ಟಿಯರಿಂಗ್ ಹಿಡಿದರು. ಅದೇ ಮನೆಯಲ್ಲಿರುವ ಅತ್ತಿಗೆ ಶಾಂಭವಮ್ಮ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಆ ಮನೆಯಲ್ಲಿ ಎಲ್ಲರ ಪಾಲಿನ ಮಾತನ್ನೂ ಟೀಚರೇ ಆಡಿ ಮುಗಿಸಿಬಿಡುತ್ತಾರೆ.

ಟೀಚರಿಗೆ ಪೂಜೆ ಪುನಸ್ಕಾರ ಅಷ್ಟಕ್ಕಷ್ಟೇ, ಪ್ರತಿಯೊಂದಕ್ಕೂ ಕಾರಣ ಬೇಕು. ಹಾಲು ಒಡೆದರೆ ಹಾಲಿನವನನ್ನು ಗೇಟಿನಲ್ಲೇ ನಿಲ್ಲಿಸಿ ಪಾಠ ಮಾಡುತ್ತಾರೆ. ಅಂಥವರ ಕಾರಿಗೇ ಕಾರಣ ಸಿಗದ ಕಾಯಿಲೆಯೊಂದು ಅಂಟಿಕೊಂಡಿತು.

ಸ್ಟಾರ್ಟ್ ಮಾಡಿದರೆ ಇಂಜಿನ್ನಿಗೆ ಬಿಕ್ಕಳಿಕೆ. ಮೆಕ್ಯಾನಿಕ್‌ಗಳು ಇದನ್ನು ಮಿಸ್ಸಿಂಗ್ ಎನ್ನುತ್ತಾರೆ. ನಾಲ್ಕು ಸಿಲಿಂಡರಿನಲ್ಲಿ ಒಂದೋ ಎರಡೋ ಕೆಲಸಕ್ಕೆ ಚಕ್ಕರ್ ಹೊಡೆಯುತ್ತವೆ, ಗಾಡಿ ಕುಲುಕುತ್ತದೆ, ಒಮ್ಮೊಮ್ಮೆ ನಿಂತೇ ಬಿಡುತ್ತದೆ. ಆದರೆ ದಿನಾ ಹೀಗಲ್ಲ. ಮಾರ್ಕೆಟ್ಟಿಗೆ, ಲೈಬ್ರರಿಗೆ ಹೊರಟರೆ ಬೆಣ್ಣೆಯ ಹಾಗೆ ಹೋಗುತ್ತದೆ. ಯಾವುದೋ ಮದುವೆ, ಸನ್ಮಾನ ಎಂದು ಪರವೂರಿಗೆ ಹೊರಟರೆ ಮುಗಿಯಿತು. ಅದೂ ಸ್ವಲ್ಪ ದೂರದವರೆಗೆ ಮಾತ್ರ. ಬೈದುಕೊಂಡು ಕೋನಪ್ಪನ ಗ್ಯಾರೇಜು ತಲುಪುವಷ್ಟರಲ್ಲಿ, ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವಂತೆ ಕಾಯಿಲೆಯೇ ಇರುವುದಿಲ್ಲ.

ಕೋನಪ್ಪನೂ ಸಾಮಾನ್ಯದವನಲ್ಲ. ಅಂಬಾಜಿದುರ್ಗದ ಕಡೆಯವನು, ತನ್ನ ಕಿವಿಯ ಮೇಲೆ ಅವನಿಗೆ ವಿಪರೀತ ಅಭಿಮಾನ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಸಂಗೀತ ವಿದ್ವಾಂಸನಂತೆ ತಲೆದೂಗುತ್ತಾನೆ. "ಏಮೀ ಲೇದು ಮೇಡಂ, ಏನೂ ಇಲ್ಲ, ಗಡಿಯಾರ ಇದ್ದಂಗೈತೆ" ಎನ್ನುತ್ತಾನೆ. ಹಾಗೆಂದುಕೊಂಡೇ ಪ್ಲಗ್ ಬದಲಾಯಿಸಿದ, ಕಾಯಿಲ್ ಬದಲಾಯಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ. ಕೊನೆಗೆ ಪೆಟ್ರೋಲನ್ನೇ ಬೈದ. ಟೀಚರು ಹವಾಮಾನವನ್ನು ಬೈದರು. ಇಬ್ಬರೂ ಗಂಟೆಗಟ್ಟಲೆ ವಾದ ಮಾಡಿದರು, ಗಾಡಿ ಮಾತ್ರ ತನ್ನ ಚಾಳಿ ಬಿಡಲಿಲ್ಲ.

ಹೋದ ತಿಂಗಳು ಅದು ಶಿಡ್ಲಘಟ್ಟದ ದಾರಿಯಲ್ಲಿ, ಊರು ದಾಟುವ ಮೊದಲೇ ನಡುರಸ್ತೆಯಲ್ಲಿ ನಿಂತಿತು. ಹಿಂದೆ ರೇಷ್ಮೆಗೂಡು ಹೇರಿಕೊಂಡ ಆಟೋಗಳ ಸಾಲು, ಕಿವಿ ಕಿತ್ತುಹೋಗುವಂತೆ ಹಾರನ್ನು. ಟೀಚರು ಕೆಳಗಿಳಿದು ಆಟೋದವರಿಗೆ ಶಿಸ್ತಿನ ಬಗ್ಗೆ ಭಾಷಣ ಮಾಡಿದರಂತೆ. ಈ ಸುದ್ದಿ ಚಿಕ್ಕಬಳ್ಳಾಪುರದ ಬ್ಯಾಂಕಿನಲ್ಲಿರುವ ಶಾಂಭವಮ್ಮನ ಮಗ ಅಚ್ಯುತನಿಗೆ ಮುಟ್ಟಿತು. ಭಾನುವಾರವೇ ಬಂದ.

"ಅತ್ತೆ, ಇನ್ನೊಂದ್ಸಲ ರೋಡಲ್ಲಿ ನಿಂತ್ರೆ ಮಾರಿಬಿಡಣ. ಪಾರ್ಟಿ ರೆಡಿ ಇದಾರೆ."

"ಆಯ್ತು ಕಣಪ್ಪ, ಮಾರು" ಎಂದುಬಿಟ್ಟರು ಟೀಚರು. ಜಂಬದ ಮಾತು, ಆದರೆ ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಮರುದಿನ ಬೆಳಿಗ್ಗೆ ಒಬ್ಬರೇ ನಿಂತು ಒರೆಸಿದ ಕಡೆಯೇ ಮತ್ತೆ ಮತ್ತೆ ಕಾರು ಒರೆಸುತ್ತಿದ್ದರು. ಅಣ್ಣನ ಪಕ್ಕ ಕೂತು ಊರೂರು ಸುತ್ತಿದ ಕಾರು ಅದು. ನೋಡಿ ನನಗೂ ಸಂಕಟವಾಯಿತು.

ಗೌರಿಬಿದನೂರಿನಲ್ಲಿ ಹಳೆಯ ವಿದ್ಯಾರ್ಥಿಗಳು ಅವರಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಅಂದೇ ಪರೀಕ್ಷೆ ಎಂದು ತೀರ್ಮಾನವಾಯಿತು. ಕೋನಪ್ಪನಿಗೂ ಮಾನದ ಪ್ರಶ್ನೆ. "ನಾನೇ ಮನೆತಾವ ಬರ್ತೀನಿ ಮೇಡಂ. ಸ್ಟಾರ್ಟ್ ಮಾಡೋವಾಗ್ಲೇ ಕೇಳಿಸ್ಕೊಂತೀನಿ" ಎಂದ.

ಆ ದಿನ ಅವನು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟ. ನಾನು ರಂಗೋಲಿ ಹಾಕುತ್ತಿದ್ದೆ, ಅವನು ಗೇಟಿನಲ್ಲೇ ಬಾಯಿ ತೆರೆದು ನಿಂತದ್ದು ಕಂಡಿತು. ಏನೆಂದು ನಾನೂ ಹೋಗಿ ಇಣುಕಿದೆ. ಕಾರಿನ ಬಾನೆಟ್ ತೆರೆದಿತ್ತು. ಶಾಂಭವಮ್ಮ ಮಡಿಸೀರೆಯಲ್ಲಿ, ಕೈಯಲ್ಲಿ ಚೊಂಬು ಹಿಡಿದು, ಹೊಸ್ತಿಲು ತೊಳೆಯುವಂತೆ ಶ್ರದ್ಧೆಯಿಂದ ಇಂಜಿನ್ ತೊಳೆಯುತ್ತಿದ್ದಾರೆ. ಆಮೇಲೆ ಅರಿಶಿನ, ಕುಂಕುಮ, ಒಂದು ಕನಕಾಂಬರ.

"ಮೇಡಂ!" ಎಂದು ಕೋನಪ್ಪ ಕೂಗಿದ್ದಕ್ಕೆ ಟೀಚರು ಅರ್ಧ ಬಾಚಿದ ತಲೆಯಲ್ಲೇ ಓಡಿಬಂದರು. ಅವನು ಪ್ಲಗ್ಗಿನ ಕ್ಯಾಪು ಕಿತ್ತ. ಪ್ಲಗ್ ಕೂರುವ ಗುಂಡಿಯಲ್ಲಿ ಹಳದಿ ನೀರು ನಿಂತಿತ್ತು. "ಕರೆಂಟೆಲ್ಲ ಈ ನೀರಿಗೇ ಹೋಗ್ತೈತೆ. ಇಂಜಿನ್ ಕಾದು ನೀರು ಆರಿದ್ರೆ ಸರಿಹೋಗ್ತೈತೆ. ನನ್ನತ್ರ ಬರೋಷ್ಟರಲ್ಲಿ ಆರೋಗಿರ್ತೈತೆ!"

"ಬಾನೆಟ್ ಒಳಗೆ ಕುಂಕುಮ ನೋಡಿದ್ರಲ್ಲ, ಆಗ್ಲಾದ್ರೂ ಹೇಳ್ಬಾರ್ದಾಗಿತ್ತಾ?" ಎಂದರು ಟೀಚರು.

"ನೀವೇ ಇಡೋದು ಅಂದ್ಕೊಂಡಿದ್ದೆ. ವಯಸ್ಸಾಯ್ತಲ್ಲ, ಮೇಡಂಗೆ ಭಕ್ತಿ ಬಂದೈತೆ ಅಂತ."

"ನಾನು ನೀವು ಇಡ್ತೀರ ಅಂತ ಸುಮ್ನಿದ್ದೆ!"

ನಮ್ಮ ಕಡೆ ಇಂಜಿನ್ನಿನ ಮೇಲೆ ಕುಂಕುಮ ಕಂಡರೆ ಯಾರೂ ಅನುಮಾನಪಡುವುದಿಲ್ಲ. ಇಲ್ಲದಿದ್ದರೆ ಪಡುತ್ತಾರೆ.

ಶಾಂಭವಮ್ಮ ಚೊಂಬು ಹಿಡಿದೇ ನಿಂತಿದ್ದರು. "ಗಾಡಿ ಜೀವ ಇರೋದೇ ಇಲ್ಲಿ ಅಂತ ನೀನೇ ಹೇಳಿದ್ಯಲ್ಲ ಪಂಕಜಾ. ನೀನೊಬ್ಳೇ ದೂರ ಹೋಗೋವಾಗ ನಂಗೆ ಭಯ. ತೊಳೀದೆ ಕುಂಕುಮ ಇಡಕ್ಕಾಗುತ್ತಾ?"

ಅಷ್ಟರಲ್ಲಿ ಪರೀಕ್ಷೆ ನೋಡಲು ಅಚ್ಯುತ ಬಂದ. "ಏನು, ಸಿಕ್ತಾ?"

ಶಾಲೆಯಲ್ಲಿ ಒಂದು ಸಣ್ಣ ಸುಳ್ಳನ್ನೂ ಬಿಡದಿದ್ದ ನಮ್ಮ ಟೀಚರು ಕಣ್ಣು ಮಿಟುಕಿಸದೆ, "ವೈರ್ ಹಳೇದಾಗಿತ್ತು ಕಣಪ್ಪ" ಎಂದರು. ಕೋನಪ್ಪ ತನ್ನ ಮಾನ ಬಿಟ್ಟುಕೊಟ್ಟು, "ಹೂಂ, ನಾನೇ ನೋಡ್ಲಿಲ್ಲ" ಎಂದ.

"ವೈರೂ ಇಲ್ಲ ಏನೂ ಇಲ್ಲ ಕಣೋ" ಎಂದರು ಶಾಂಭವಮ್ಮ. "ನಾನು ನೀರು ಹಾಕ್ತಿದ್ದೆ."

ಅಚ್ಯುತ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಂಗ್ಯಾಕಮ್ಮ ಬೇಕಿತ್ತು ಇದೆಲ್ಲ?"

"ನಿಮ್ಮಪ್ಪ, ನಿಮ್ಮತ್ತೆ ಇಬ್ರೂ ಹೊರಡೋರು. ಇರೋದೇ ಎರಡು ಸೀಟು. ನಾನು ಗೇಟ್ ಹಾಕ್ಕೊಂಡು ಒಳಗೆ ಹೋಗ್ತಿದ್ದೆ. ಈ ಗಾಡೀಲಿ ನಂದು ಅಂತ ಇದ್ದಿದ್ದು ಇದೊಂದು ಚೊಂಬು ನೀರು ಕಣಪ್ಪ."

ಅಚ್ಯುತನ ನಗು ನಿಂತಿತು. ಟೀಚರು ಅತ್ತಿಗೆಯ ಕೈಯಿಂದ ಚೊಂಬನ್ನು ತಾವೇ ತೆಗೆದುಕೊಂಡರು. ಇಷ್ಟು ವರ್ಷದಲ್ಲಿ ಅದನ್ನು ನಾನು ಕಂಡದ್ದು ಅದೇ ಮೊದಲು. ಕೋನಪ್ಪ ಬಟ್ಟೆಯಿಂದ ನೀರು ಹೀರಿಸಿ, ಬಾಯಿಂದ ಊದಿ, ಸ್ಟಾರ್ಟ್ ಮಾಡಿದ. ಇಂಜಿನ್ ಒಂದೇ ಸಮನೆ ಓಡಿತು. ಅವನು ಸ್ಕ್ರೂಡ್ರೈವರ್ ಎತ್ತಲೇ ಇಲ್ಲ.

"ಅತ್ತಿಗೆ, ಸೀರೆ ಬದಲಾಯಿಸ್ಕೊಂಡು ಬನ್ನಿ" ಎಂದರು ಟೀಚರು.

"ನಾನಾ? ಅಡುಗೆ ಅರ್ಧ ಆಗಿದೆ."

"ಅಚ್ಯುತ ಮಾಡ್ಕೋತಾನೆ."

ಶಾಂಭವಮ್ಮ ಬಂದು ಕೂತರು. ಟೀಚರ ಹ್ಯಾಂಡ್‌ಬ್ಯಾಗು ಅವರ ತೊಡೆಯ ಮೇಲಿತ್ತು. ಹೊರಡುವ ಮುಂಚೆ ಮಗನ ಕಡೆ ತಿರುಗಿ, "ಆ ಪಾರ್ಟಿಗೆ ಫೋನ್ ಮಾಡಿ, ಗಾಡಿ ಕೊಡಲ್ಲ ಅಂತ ಹೇಳಪ್ಪ" ಎಂದರು. ಕಾರು ಬೀದಿ ತಿರುಗುವವರೆಗೂ ಅಚ್ಯುತ ನೋಡುತ್ತಲೇ ನಿಂತಿದ್ದ. ಆಮೇಲೆ ಗೇಟು ಹಾಕಿಕೊಂಡು ಒಳಗೆ ಹೋದ.